ಬೊಂಬೆಗೆ ಕಾಯಂ ನೌಕರಿ ಕೊಡಿ

2019ರ ನವೆಂಬರಿನಲ್ಲಿ ಬೆಂಗಳೂರು ಸಂಚಾರ ಪೊಲೀಸರು ಬಟ್ಟೆ ಅಂಗಡಿಯ ಬೊಂಬೆಗಳಿಗೆ ಯೂನಿಫಾರ್ಮ್ ತೊಡಿಸಿ, ಕಪ್ಪು ಕನ್ನಡಕ ಏರಿಸಿ, ಕೆಲವು ಸರ್ಕಲ್‌ಗಳಲ್ಲಿ ನಿಲ್ಲಿಸಿದರು. ಊರೆಲ್ಲ ನಕ್ಕಿತು. ನಗಬಾರದಿತ್ತು. ಅರ್ಜಿಯಿಲ್ಲದೆ, ತಡೆಯಾಜ್ಞೆಯಿಲ್ಲದೆ, ಯಾರ ಕೈಯನ್ನೂ ಬಿಸಿ ಮಾಡದೆ ಅಷ್ಟು ಸಲೀಸಾಗಿ ಡ್ಯೂಟಿಗೆ ಹಾಜರಾದ ಬ್ಯಾಚು ಇನ್ನೊಂದಿಲ್ಲ.

ಪೊಲೀಸರ ಕೊರತೆ ತುಂಬಲು ಮನುಷ್ಯರನ್ನೇ ಆರಿಸಲು ಹೋದಾಗ ಏನಾಯಿತು? 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಅಭ್ಯರ್ಥಿ ಖಾಲಿ ಬಿಟ್ಟುಬಂದ ಒಎಂಆರ್ ಹಾಳೆಗೆ ಆಮೇಲೆ ಜ್ಞಾನೋದಯವಾಗಿ ಉತ್ತರಗಳು ತುಂಬಿಕೊಂಡವು. ಕಲಬುರಗಿಯ ಕೇಂದ್ರವೊಂದರಿಂದ ಹಿಡಿದು ಬೆಂಗಳೂರಿನ ಸ್ಟ್ರಾಂಗ್ ರೂಮಿನವರೆಗೂ ಈ ಪವಾಡದ ಜಾಡು ಹಿಡಿದು ಸಿಐಡಿ ಹೊರಟಿತು. 2022ರ ಏಪ್ರಿಲ್‌ನಲ್ಲಿ ಪರೀಕ್ಷೆ ರದ್ದಾಯಿತು. ಜುಲೈನಲ್ಲಿ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯವರನ್ನೇ ಆರೋಪಿಯಾಗಿ ಬಂಧಿಸಲಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ಪ್ರಾಮಾಣಿಕವಾಗಿ ಓದಿ ಬರೆದವನು ಎರಡೂ ಸಲ ಅದೇ ಪ್ರಾಮಾಣಿಕತೆಯಿಂದ ಬರೆಯಬೇಕಾಯಿತು. ತಪ್ಪಿಗೆ ಶಿಕ್ಷೆ ಯಾವಾಗಲೋ ಏನೋ, ತಪ್ಪು ಮಾಡದ್ದಕ್ಕೆ ಮಾತ್ರ ತಕ್ಷಣ ಸಿಕ್ಕಿತು.

ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ವರದಿ ಬರುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡವೆಂದು ಸಚಿವ ಸಂಪುಟ ತೀರ್ಮಾನಿಸಿತು. ಕೇಳಿದವರದು ನ್ಯಾಯವಾದ ಬೇಡಿಕೆಯೇ. ಆದರೆ ವರದಿ ಕೈಸೇರುವ ಹೊತ್ತಿಗೆ 2025ರ ಆಗಸ್ಟ್ ಬಂದಿತ್ತು. ಧಾರವಾಡದ ಬಾಡಿಗೆ ಕೋಣೆಗಳಲ್ಲಿ ಓದುತ್ತ, ಬೆಳಗಿನ ಜಾವ ಮೈದಾನದಲ್ಲಿ ಓಡುತ್ತ ಕಾದ ಹುಡುಗರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು: ಅಧಿಸೂಚನೆಗೆ ವಯಸ್ಸಾಗುವುದಿಲ್ಲ, ಅಭ್ಯರ್ಥಿಗೆ ಆಗುತ್ತದೆ.

ಹಾಗೆಂದು ಸರ್ಕಾರ ಸುಮ್ಮನೆ ಕೂತಿರಲಿಲ್ಲ. 2025ರಲ್ಲಿ ಬೆಂಗಳೂರಿಗೆ ಮೂರು ಹೊಸ ಡಿಸಿಪಿ ವಿಭಾಗಗಳು ಬಂದವು. ಸೆಲ್ಯೂಟ್ ಪಡೆಯುವವರು ಹೆಚ್ಚಿದರು; ಹೊಡೆಯುವ ಕೈಗಳ ವಿಚಾರ ಮುಂದೆ ನೋಡೋಣ. ಅಕ್ಟೋಬರ್ 28ರಂದು ಹಳೆಯ ಸ್ಲೌಚ್ ಹ್ಯಾಟ್ ಇಳಿಸಿ ಕಾನ್‌ಸ್ಟೇಬಲ್‌ಗಳಿಗೆ ನೀಲಿ ಪೀಕ್ ಕ್ಯಾಪ್ ಕೊಟ್ಟರು. ತಲೆಗಳು ಸಾಲದೆ ಇರುವಾಗ ಇರುವ ತಲೆಗಳನ್ನಾದರೂ ಅಂದವಾಗಿ ಇಡಬೇಕಲ್ಲ.

ಎಲ್ಲಕ್ಕೂ ಕಳಶವಿಟ್ಟಂತೆ ಅದೇ ವರ್ಷದ ಜುಲೈ 18ರಂದು ಗೃಹ ಸಚಿವ ಜಿ. ಪರಮೇಶ್ವರ ಅವರು ‘ಮನೆ ಮನೆಗೆ ಪೊಲೀಸ್’ ಯೋಜನೆಗೆ ಚಾಲನೆ ಕೊಟ್ಟರು. ಬೀಟ್ ಪೊಲೀಸರು ಮನೆಬಾಗಿಲಿಗೇ ಬಂದು ಕಷ್ಟಸುಖ ವಿಚಾರಿಸುವ ಯೋಜನೆ. ಒಳ್ಳೆಯದೇ. ಆದರೆ ಬೆಂಗಳೂರಿನ ಸಾರಕ್ಕಿಯಲ್ಲಿ ಒಂದು ಸಂಜೆ ನಿಂತು ನೋಡಿ. ಸಿಗ್ನಲ್‌ನಲ್ಲಿ ಕನಕಪುರ ರಸ್ತೆ ಗಂಟಲು ಕಟ್ಟಿ ನಿಂತಿರುತ್ತದೆ. ಮಾರ್ಕೆಟ್ ಕಡೆಯಿಂದ ಸೊಪ್ಪಿನ ಗಾಡಿಗಳು ರಸ್ತೆಗಿಳಿದಿರುತ್ತವೆ. ಮೆಟ್ರೊ ಕಂಬಗಳ ಬುಡದಲ್ಲಿ ಆಟೊಗಳು ಅಡ್ಡಾದಿಡ್ಡಿ. ನಡುವೆ ಒಬ್ಬ ಪೊಲೀಸಪ್ಪ, ಬಾಯಲ್ಲಿ ಒಂದು ವಿಷಲ್. ಅವನು ಯಾವಾಗ ಯಾರ ಮನೆಯ ಕಾಲಿಂಗ್ ಬೆಲ್ ಒತ್ತಬೇಕು?

ಪೊಲೀಸರೇ ಇಲ್ಲವೆಂದರೆ ತಪ್ಪಾದೀತು. 2015ರ ಏಪ್ರಿಲ್‌ನಲ್ಲಿ ಸಾರಕ್ಕಿ ಕೆರೆಯ ಒತ್ತುವರಿ ತೆರವಿಗೆ ಜೆಸಿಬಿಗಳು ಬಂದವಲ್ಲ, ಆಗ ಖಾಕಿಗೆ ಬರವಿರಲಿಲ್ಲ. ಆಗಲೂ ಮನೆ ಮನೆಗೆ ಪೊಲೀಸರು ಬಂದಿದ್ದರು, ಮನೆ ಕೆಡವುವ ದಿನ. ಆ ಮನೆಗಳು ಏಳುತ್ತಿದ್ದ ಅಷ್ಟೂ ವರ್ಷ ಯಾವ ಇಲಾಖೆಯವರೂ ಆ ಕಡೆ ಬೀಟ್ ಹೊಡೆದಂತಿಲ್ಲ.

ಇನ್ನು ಇರುವ ಸಿಬ್ಬಂದಿಯ ಗತಿ. ರ‍್ಯಾಲಿಗೆ ಬಂದೋಬಸ್ತ್, ಮಂತ್ರಿಗಳ ಕಾನ್‌ವಾಯ್‌ಗೆ ಬಂದೋಬಸ್ತ್, ಕ್ರಿಕೆಟ್‌ಗೆ ಬಂದೋಬಸ್ತ್. ಉಳಿದವರಲ್ಲಿ ಕೆಲವರು ಸಾಹೇಬರ ಮನೆಯ ಆರ್ಡರ್ಲಿಗಳು. ನಾಯಿಯನ್ನು ವಾಕಿಂಗ್ ಕರೆದೊಯ್ಯುವುದೂ ಒಂದು ಬಗೆಯ ಬೀಟೇ. ಪಗಾರ, ರಜೆ, ಮೇಲಧಿಕಾರಿಗಳ ಕಾಟ ಎಂದು ಬೇಸತ್ತ ಪೊಲೀಸರು 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಹೊರಟರು. ಕರೆ ಕೊಟ್ಟ ಸಂಘದ ಅಧ್ಯಕ್ಷರ ಮೇಲೆ ಬಿದ್ದದ್ದು ರಾಜದ್ರೋಹದ ಕೇಸು. ಬ್ರಿಟಿಷರು ತಿಲಕರ ಮೇಲೆ ಹಾಕಿದ್ದನ್ನು ನಾವು ರಜೆ ಚೀಟಿಯ ಮೇಲೆ ಹಾಕಿದೆವು. ಸಂಬಳದ ತಾರತಮ್ಯ ನೋಡಲು ಔರಾದ್ಕರ್ ಸಮಿತಿ ಕೂತಿತು, ವರದಿ ಕೊಟ್ಟಿತು. ಅದರ ಜಾರಿಗಾಗಿ ಕಾಯುವುದೂ ಪೊಲೀಸರ ಡ್ಯೂಟಿಗೆ ಸೇರಿತು.

ಆದ್ದರಿಂದ ಸರ್ಕಾರಕ್ಕೆ ನನ್ನ ವಿನಮ್ರ ಸಲಹೆ: ಬೊಂಬೆಗಳನ್ನು ಕಾಯಂಗೊಳಿಸಿ. ಎತ್ತರ, ಎದೆಯಳತೆ ಕಾರ್ಖಾನೆಯಲ್ಲೇ ಸರಿಯಾಗಿ ಬಂದಿರುತ್ತದೆ. ಪರೀಕ್ಷೆಯಲ್ಲಿ ನಕಲು ಹೊಡೆಯಲು ಕಿವಿಯಲ್ಲಿ ಬ್ಲೂಟೂತ್ ಇಟ್ಟರೂ ಪ್ರಯೋಜನವಿಲ್ಲ. ವಯೋಮಿತಿ ಮೀರುವುದಿಲ್ಲ. ವಾರದ ರಜೆ, ವೇತನ ಆಯೋಗ, ಮಕ್ಕಳ ಶಾಲೆ ಎಂದು ಗೋಳಾಡುವುದಿಲ್ಲ. ವರ್ಗಾವಣೆಗೆ ಶಾಸಕರ ಪತ್ರ ಬೇಡ, ಒಂದು ಗೂಡ್ಸ್ ಆಟೊ ಸಾಕು. ಸಾರಕ್ಕಿಯ ಪ್ರತಿ ಅಡ್ಡರಸ್ತೆಗೆ ಒಂದೊಂದು ನಿಲ್ಲಿಸಿಬಿಟ್ಟರೆ ಮನೆ ಮನೆಗೂ ಪೊಲೀಸ್ ತಲುಪಿದಂತಾಯಿತು, ಉದ್ಘಾಟನೆಗೆ ಫೋಟೊ ಕೂಡ ಚೆನ್ನಾಗಿ ಬರುತ್ತದೆ.

ಬೊಂಬೆ ದೂರು ಬರೆದುಕೊಳ್ಳುವುದಿಲ್ಲವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಅಂಥವರು ಬಹುಶಃ ಇನ್ನೂ ಠಾಣೆಯ ಮೆಟ್ಟಿಲು ಹತ್ತಿಲ್ಲ. ಬೊಂಬೆ ‘ಇದು ನಮ್ಮ ಲಿಮಿಟ್ಸ್‌ಗೆ ಬರಲ್ಲ, ಪಕ್ಕದ ಸ್ಟೇಷನ್‌ಗೆ ಹೋಗಿ’ ಎಂದಂತೂ ಹೇಳುವುದಿಲ್ಲ.