ಬ್ರೆಜಿಲ್‌ನಲ್ಲಿ ಹಿಮ, ಗೋಣಿಬೀಡಿನಲ್ಲಿ ಟೈ

ಮೂಡಿಗೆರೆ ಸೀಮೆಯ ನಮ್ಮ ಗೋಣಿಬೀಡಿನ ಕಡೆ ಇಬ್ಬರು ಕಾಫಿ ಬೆಳೆಗಾರರು ಎದುರಾದರೆ ಮೊದಲು ವಿಚಾರಿಸಿಕೊಳ್ಳುವುದು ಮಳೆಯನ್ನು. ‘ನಿಮ್ಮಲ್ಲಿ ಎಷ್ಟಾಯ್ತು?’ ಅಂದರೆ ‘ಒಂದಿಂಚು ನಲವತ್ತು ಸೆಂಟ್ಸ್’ ಎಂದು ಉತ್ತರ ಬರುತ್ತದೆ. ದೇಶವೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು. ಬ್ರಿಟಿಷ್ ದೊರೆಗಳು ಬಿಟ್ಟುಹೋದ ಇಂಚು ಸೆಂಟ್ಸನ್ನು ನಾವು ಮಾತ್ರ ಬಿಟ್ಟಿಲ್ಲ. ಮಾರ್ಚ್‌ನ ಹೂಮಳೆಗೆ ಹತ್ತಿಪ್ಪತ್ತು ಸೆಂಟ್ಸ್ ಸೇರಿಸಿ ಹೇಳುವುದು ಪದ್ಧತಿ. ಜುಲೈನಲ್ಲಿ ಬೇಡವೆಂದರೂ ಸುರಿಯುವ ಮಳೆಗೂ ಸೇರಿಸುತ್ತೇವೆ, ಅಭ್ಯಾಸಬಲ. ಎರಡನೆಯ ಪ್ರಶ್ನೆ ಹಿಂದೆಲ್ಲ ಕಾಫಿ ರೇಟಿನದಾಗಿತ್ತು. ಈಗ ರೇಟು ಎಲ್ಲರ ಮೊಬೈಲಿಗೂ ಬಂದು ಬೀಳುವುದರಿಂದ ಆ ಜಾಗದಲ್ಲಿ ಬೇರೆ ಪ್ರಶ್ನೆ ಬಂದು ಕೂತಿದೆ: ‘ಮೊಮ್ಮಗಳನ್ನ ಯಾವ ಸ್ಕೂಲಿಗೆ ಹಾಕಿದೀರಿ ಮಾರಾಯ್ರೆ?’

ಕೇಳುವವರಿಗೆ ನಮ್ಮ ಪುಟ್ಟಿಯ ವಿದ್ಯಾಭ್ಯಾಸದ ಚಿಂತೆ ಇದೆಯೆಂದು ನಂಬುವಷ್ಟು ಮುಗ್ಧ ನಾನಲ್ಲ. ಈ ಒಂದು ಉತ್ತರದಲ್ಲಿ ನಮ್ಮ ತೋಟ ಎಷ್ಟೆಕರೆ, ಬ್ಯಾಂಕಿನ ಸಾಲ ತೀರಿದೆಯೋ ಇಲ್ಲವೋ, ಸೊಸೆಯ ತವರು ಎಂಥದ್ದು, ಎಲ್ಲವೂ ಅವರಿಗೆ ತಿಳಿದುಹೋಗುತ್ತದೆ. ಕಂದಾಯ ಇಲಾಖೆಯವರು ಪಹಣಿ ಹಿಡಿದು ವರ್ಷವಿಡೀ ಅಲೆದರೂ ಇಷ್ಟು ಮಾಹಿತಿ ಸಿಗುವುದಿಲ್ಲ.

ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿ ಬೀಜಕ್ಕೆ ಜರಡಿ ಹಿಡಿದು ಪ್ಲಾಂಟೇಷನ್ ಎ, ಬಿ, ಸಿ ಎಂದು ವಿಂಗಡಿಸಿ, ಕೊನೆಗೆ ಉಳಿಯುವ ಕಪ್ಪು, ಕಂದು, ನುಚ್ಚನ್ನೆಲ್ಲ ಗುಡಿಸಿ ‘ಬಿಬಿಬಿ’ ಎಂದು ಚೀಲ ಕಟ್ಟುತ್ತಾರೆ. ಗೋಣಿಬೀಡಿನ ಅಪ್ಪ ಅಮ್ಮಂದಿರ ಜರಡಿಯೂ ಅದೇ ಕಂಪನಿಯದು. ಊಟಿಯ ಲವ್‌ಡೇಲ್, ಬೆಂಗಳೂರಿನ ಬಿಷಪ್ ಕಾಟನ್, ಬಾಲ್ಡ್‌ವಿನ್ ಇವೆಲ್ಲ ಎ ಗ್ರೇಡು. ಚಿಕ್ಕಮಗಳೂರಿನ ರೆಸಿಡೆನ್ಷಿಯಲ್ ಶಾಲೆಗಳು ಬಿ. ಹಳದಿ ಬಸ್ಸಿನಲ್ಲಿ ದಿನಾ ಹೋಗಿಬರುವ ಸಿಬಿಎಸ್‌ಇ ಶಾಲೆ ಸಿ. ಸ್ಟೇಟ್ ಸಿಲೆಬಸ್ಸಿನ ಇಂಗ್ಲಿಷ್ ಮೀಡಿಯಂ ಅಂದರೆ ಸಿಬಿಎಸ್‌ಇ ತಾಯಂದಿರು ‘ಓ... ಅದೂ ಚೆನ್ನಾಗಿದೆ’ ಅನ್ನುತ್ತಾರೆ. ಆ ‘ಓ’ ಎಳೆಯುವುದರಲ್ಲೇ ಎಲ್ಲವೂ ಇದೆ. ಸರ್ಕಾರಿ ಶಾಲೆ ಎಂದಿರೋ, ಮಾತು ಸೀದಾ ಮಳೆಗೆ ವಾಪಸ್ಸು. ಇನ್ನು ಅಪರೂಪದ ಒಂಟಿ ಬೀಜ ಪೀಬೆರ್ರಿ ಅಂದರೆ ಬಾಳೆಹೊನ್ನೂರು ಹತ್ತಿರ ಸೀಗೋಡಿನಲ್ಲಿರುವ ನವೋದಯ ವಿದ್ಯಾಲಯ. ಆರನೇ ಕ್ಲಾಸಿಗೆ ಪರೀಕ್ಷೆ ಬರೆದು ಪಾಸಾಗಿ ಹೋಗುವ ಮಕ್ಕಳು ಅವು. ದುಡ್ಡು ಕೊಟ್ಟರೆ ಸಿಗುವುದಿಲ್ಲ, ಸಿಕ್ಕರೆ ದುಡ್ಡು ಕೊಡಬೇಕಾಗಿಲ್ಲ. ಇಂಥದ್ದನ್ನು ಯಾವ ಸಾಲಿನಲ್ಲಿ ಕೂರಿಸಬೇಕೆಂದು ತಿಳಿಯದೆ ನಮ್ಮವರು ಇವತ್ತಿಗೂ ತಲೆ ಕೆರೆದುಕೊಳ್ಳುತ್ತಾರೆ.

ಎ ಗ್ರೇಡಿನವರ ಮುಂದೆ ಹೇಳಬಾರದ ಒಂದು ಸಂಗತಿಯಿದೆ. ಲವ್‌ಡೇಲಿನ ಲಾರೆನ್ಸ್ ಶಾಲೆ 1858ರಲ್ಲಿ ಶುರುವಾದಾಗ ಅದರ ಹೆಸರಿನಲ್ಲೇ ‘ಅಸೈಲಂ’ ಎಂದಿತ್ತು. ಶಾಲೆ ಯಾರ ಹೆಸರಿನದೋ ಆ ಬ್ರಿಟಿಷ್ ಅಧಿಕಾರಿ, ಲಖನೌದಲ್ಲಿ 1857ರಲ್ಲಿ ತೀರಿಕೊಂಡ ಹೆನ್ರಿ ಲಾರೆನ್ಸ್‌ಗೆ ಇದ್ದ ಚಿಂತೆ ಬಡ ಬಿಳಿ ಸಿಪಾಯಿಗಳ ಮಕ್ಕಳದು, ಅದರಲ್ಲೂ ಅಪ್ಪನನ್ನು ಕಳೆದುಕೊಂಡ ತಬ್ಬಲಿಗಳದು. ಆಗಿನ ತೋಟದ ದೊರೆಗಳಿಗೆ ಆ ಶಾಲೆ ಲೆಕ್ಕಕ್ಕೇ ಇರಲಿಲ್ಲವೆಂದು ಕಾಣುತ್ತದೆ. ತಮ್ಮ ಮಕ್ಕಳನ್ನು ಏಳೆಂಟು ವರ್ಷಕ್ಕೇ ಹಡಗು ಹತ್ತಿಸಿ ಇಂಗ್ಲೆಂಡಿಗೆ ಕಳಿಸುವುದು ಅವರ ರೂಢಿ. ಅನಾಥ ಮಕ್ಕಳಿಗೆಂದು ಕಟ್ಟಿದ ಶಾಲೆಗೆ ಈಗ ಅಪ್ಪ, ಅಮ್ಮ, ಎರಡೂ ಕಡೆಯ ಅಜ್ಜ ಅಜ್ಜಿ, ಜೊತೆಗೆ ಡ್ರೈವರ್ ಹೋಗಿ ಮಗುವನ್ನು ಬಿಟ್ಟು ಬರುತ್ತಾರೆ.

ನಾನು ಓದಿದ್ದು ಎಪ್ಪತ್ತರ ದಶಕದಲ್ಲಿ, ಸರ್ಕಾರಿ ಶಾಲೆಯಲ್ಲಿ. ದೊಡ್ಡ ಎಸ್ಟೇಟಿನವರ ಮಕ್ಕಳು ಆಗಲೂ ಬೆಂಗಳೂರು, ಊಟಿ ಎಂದು ಹೋಗುತ್ತಿದ್ದರು. ಅವರು ಹೇಗೂ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ಜೀಪಿನ ಹಿಂದೆ ಕೂತು ಹಾದುಹೋಗುವ ಬೆಳ್ಳಗಿನ ಮೊಣಕಾಲುಗಳಷ್ಟೇ ಅವರು. ಮಿಕ್ಕವರೆಲ್ಲ, ಅಂದರೆ ಹತ್ತೆಕರೆಯ ಗೌಡರ ಮಗ, ಎಸ್ಟೇಟಿನ ರೈಟರ ಮಗಳು, ಮೇಸ್ತ್ರಿಯ ಮಕ್ಕಳು, ಕೂಲಿ ಲೈನಿನ ಹುಡುಗರು, ಒಂದೇ ಮಣೆಯಲ್ಲಿ. ನಮ್ಮೊಳಗೆ ಮೇಲುಕೀಳು ಇರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಜಾತಿ ಇತ್ತು, ಧಾರಾಳವಾಗಿಯೇ ಇತ್ತು. ನೀರಿನ ಹಂಡೆಯ ಹತ್ತಿರ ಯಾರು ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಿಕೊಡದೆಯೇ ಎಲ್ಲರಿಗೂ ಗೊತ್ತಿತ್ತು. ಆದರೆ ಶಾಲೆಯ ಹೆಸರು ಹೇಳಿ ಮೇಲೇರುವ ಏಣಿ ಇನ್ನೂ ಬಂದಿರಲಿಲ್ಲ. ಮಳೆಗಾಲದಲ್ಲಿ ಕೆಲವರಿಗೆ ಕೊಡೆ, ಕೆಲವರಿಗೆ ಕಂಬಳಿ ಕೊಪ್ಪೆ, ಉಳಿದವರಿಗೆ ಗೊರಬು. ಒಳಗೆ ಬಂದ ಮೇಲೆ ಎಲ್ಲರ ಸ್ಲೇಟೂ ಒದ್ದೆ.

ಏಣಿ ತಂದು ನಿಲ್ಲಿಸಿದ್ದು ಬ್ರೆಜಿಲ್. 1994ರ ಜೂನ್, ಜುಲೈನಲ್ಲಿ ಅಲ್ಲಿ ಹಿಮ ಬಿದ್ದು ಕಾಫಿ ಗಿಡ ಕರಟಿಹೋಯಿತು. ಜಗತ್ತಿನ ರೇಟು ನೆಗೆಯಿತು. ಅದೇ ಹೊತ್ತಿಗೆ ಇಲ್ಲಿ ಬೆಳೆಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೇ ಹಾಕಬೇಕೆಂಬ ಕಟ್ಟು ಸಡಿಲವಾಗುತ್ತ ಬಂದು, 1996ರ ವೇಳೆಗೆ ಪೂರ್ತಿ ಬಿಚ್ಚಿಕೊಂಡಿತ್ತು. ಬೋರ್ಡು ಕಂತು ಕಂತಾಗಿ ಕೊಡುತ್ತಿದ್ದ ದುಡ್ಡಿಗೆ ಕಾದು ಕೂರುತ್ತಿದ್ದವರು ವ್ಯಾಪಾರಿಯಿಂದ ಒಟ್ಟಿಗೇ ಎಣಿಸಿಕೊಳ್ಳತೊಡಗಿದರು. ಮೊದಲು ಮನೆಗೆ ತಾರಸಿ ಬಂತು, ಆಮೇಲೆ ಮಾರುತಿ ಕಾರು, ಅದರ ಬೆನ್ನಿಗೆ ಕಾನ್ವೆಂಟು. ಅಲ್ಲಿ ಹಿಮ ಬಿತ್ತು, ಇಲ್ಲಿ ನಮ್ಮ ಮಕ್ಕಳ ಕೊರಳಿಗೆ ಟೈ ಬಿತ್ತು. ನನ್ನ ಮಗನಿಗೂ ಬಿತ್ತು. ಮೂಡಿಗೆರೆಯ ಜೂನ್ ಮಳೆಯಲ್ಲಿ ಟೈ ಒಣಗಿಸುವುದು ಎಷ್ಟು ಕಷ್ಟವೆಂದು ಕಟ್ಟಿಸಿದವರಿಗೇ ಗೊತ್ತು. ನನ್ನ ಹೆಂಡತಿ ಅದನ್ನು ಬಚ್ಚಲೊಲೆಯ ಮೇಲೆ, ಒಣಮೀನಿನ ಪಕ್ಕದಲ್ಲಿ ನೇತುಹಾಕುತ್ತಿದ್ದಳು. ಅವನ ಮಿಸ್ಸು ಒಮ್ಮೆ ಡೈರಿಯಲ್ಲಿ ಅದರ ಬಗ್ಗೆ ಎರಡು ಸಾಲು ಬರೆದು ಕಳಿಸಿದ್ದರು.

ಏಳೆಂಟು ವರ್ಷ ಕಳೆಯುವಷ್ಟರಲ್ಲಿ, 2001–02ರ ಹೊತ್ತಿಗೆ, ರೇಟು ಪಾತಾಳ ಸೇರಿತು. ಕೊಯ್ಲಿನ ಕೂಲಿಯೂ ಹುಟ್ಟದ ಕಾಲ. ಊಟಿಗೆ ಹೋಗಿದ್ದ ಕೆಲವು ಮಕ್ಕಳು ಸದ್ದಿಲ್ಲದೆ ಊರಿಗೆ ಮರಳಿದವು. ‘ಏನ್ರಿ, ಮಗನ್ನ ಕರ್ಕೊಂಡು ಬಂದ್ರಂತೆ?’ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಅಲ್ಲಿನ ಹವಾ ಒಗ್ಗಲಿಲ್ಲ ಮಾರಾಯ. ಭಾರೀ ಥಂಡಿ.’ ವರ್ಷಕ್ಕೆ ನೂರಿಂಚಿನ ಮಳೆಯಲ್ಲಿ ಹುಟ್ಟಿ, ಜಿಗಣೆ ಕಚ್ಚಿಸಿಕೊಂಡು ಬೆಳೆದ ಮಗುವಿಗೆ ಊಟಿಯ ಥಂಡಿ! ಯಾರೂ ನಗಲಿಲ್ಲ. ಎಲ್ಲರ ಮನೆಯ ಥರ್ಮಾಮೀಟರೂ ಆ ವರ್ಷ ಒಂದೇ ಡಿಗ್ರಿ ತೋರಿಸುತ್ತಿತ್ತು.

ಆಮೇಲೆ ಮತ್ತೆ ಸುಗ್ಗಿ ಬಂತು. 2025ರ ಆರಂಭದಲ್ಲಿ ಐವತ್ತು ಕೆಜಿಯ ಅರೇಬಿಕಾ ಪಾರ್ಚ್‌ಮೆಂಟ್ ಚೀಲ 25 ಸಾವಿರ ರೂಪಾಯಿ ದಾಟಿದಾಗ ಶಾಲೆಗಳ ಮಾತೂ ಜೊತೆಗೇ ಏರಿತು. ಹತ್ತು ಹೆಕ್ಟೇರಿನ ಒಳಗಿದ್ದವರನ್ನು ಕಾಫಿ ಬೋರ್ಡು ಸಣ್ಣ ಬೆಳೆಗಾರರೆನ್ನುತ್ತದೆ; ಹಿಡುವಳಿಗಳನ್ನು ಎಣಿಸಿದರೆ ನೂರಕ್ಕೆ 98ಕ್ಕಿಂತ ಹೆಚ್ಚು ಅಂಥವೇ. ಶಾಲೆಯ ಗೇಟಿನಲ್ಲಿ ನಿಂತವರನ್ನು ನೋಡಿದರೆ ಉಳಿದ ಇಬ್ಬರೇ ನೂರು ಮಂದಿಯಾಗಿ ಬಂದಂತಿರುತ್ತದೆ.

ಶಾಲೆಯವರು ಹೀಗೆ ಜರಡಿ ಹಿಡಿಯಲು ಕಾನೂನಿನಲ್ಲಿ ಅವಕಾಶವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಪ್ರಕಾರ ಪ್ರವೇಶ ಕೊಡುವಾಗ ಮಗುವನ್ನಾಗಲಿ, ಅಪ್ಪ ಅಮ್ಮನನ್ನಾಗಲಿ ಶಾಲೆ ಪರೀಕ್ಷಿಸುವಂತಿಲ್ಲ. ಮೊದಲ ತಪ್ಪಿಗೆ 25 ಸಾವಿರದವರೆಗೆ ದಂಡ, ಆಮೇಲಿನ ಒಂದೊಂದಕ್ಕೂ 50 ಸಾವಿರ. ಆದರೆ ಪೋಷಕರು ಪೋಷಕರನ್ನು ಪರೀಕ್ಷಿಸಿದರೆ ಎಷ್ಟು ದಂಡವೆಂದು ಕಾಯ್ದೆ ಬರೆದವರಿಗೆ ಹೊಳೆದಿಲ್ಲ. ಖಾಸಗಿ ಶಾಲೆಯ ಕಾಲು ಭಾಗ ಸೀಟನ್ನು ಬಡವರಿಗೆ ಕೊಡಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿ 2012ರಲ್ಲಿ ಜಾರಿಗೆ ಬಂದಾಗ, ಅಂಥ ಮಕ್ಕಳ ಗುರುತಿಗಾಗಿ ಕೂದಲು ಕತ್ತರಿಸಿದರೆಂದು ಬೆಂಗಳೂರಿನ ಒಂದು ಶಾಲೆಯ ಮೇಲೆ ದೂರು ಬಂದು ದೊಡ್ಡ ಗಲಾಟೆಯಾಗಿತ್ತು. ಅದನ್ನು ನೆನೆದರೆ ನನಗೆ ನಗೆ ಬರುವುದಿಲ್ಲ. 2019ರಲ್ಲಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಸೀಟು ಇಲ್ಲವೆಂದು ನಿಯಮ ಬದಲಾಯಿತು. ಗೇಟಿನ ಒಳಗಿನವರು ನಿಟ್ಟುಸಿರು ಬಿಟ್ಟರು.

ನಮ್ಮ ಮನೆಯಲ್ಲಿ ಈ ಇಲಾಖೆ ಸೊಸೆಯದು. ಪುಟ್ಟಿಯ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಯಾವ ತಾಯಿಗೂ ಸ್ವಂತ ಹೆಸರಿಲ್ಲ. ಒಮ್ಮೆ ಯಾರಿಗೋ ಫೋನು ಮಾಡಲು ಅವಳ ಮೊಬೈಲ್ ತೆಗೆದುಕೊಂಡರೆ, ‘ಅರ್ನವ್ ಮಮ್ಮಿ ಕ್ರೆಟಾ’, ‘ಆದ್ಯಾ ಮಮ್ಮಿ ಥಾರ್’, ‘ವಿಹಾನ್ ಮಮ್ಮಿ ಫಾರ್ಚೂನರ್’ ಎಂದು ಸಾಲಾಗಿ ಬಂತು.

‘ಇದೇನವ್ವ, ಆರ್‌ಟಿಒ ಆಫೀಸಿನ ಪಟ್ಟಿ ಇದ್ದಂಗಿದೆ?’ ಅಂದೆ.

‘ಮೂರು ಜನ ಆದ್ಯಾ ಇದಾರೆ ಮಾವ. ಗುರುತು ಬೇಡ್ವಾ?’ ಅಂದಳು.

ನಮ್ಮ ಮನೆಯಲ್ಲಿರುವುದು ಗೊಬ್ಬರ ಹೊರುವ ಪಿಕಪ್ಪು. ಅವರ ಮೊಬೈಲುಗಳಲ್ಲಿ ನನ್ನ ಸೊಸೆ ಏನೆಂದು ಸೇವ್ ಆಗಿದ್ದಾಳೋ ಎಂದು ಕೇಳಬೇಕೆನಿಸಿತು. ರಾತ್ರಿ ಊಟ ಸಿಗಬೇಕಲ್ಲ, ಸುಮ್ಮನಾದೆ.

ಆ ಗ್ರೂಪಿನಲ್ಲಿ ಕಳೆದ ಮಳೆಗಾಲದಲ್ಲಿ ಕಡುಬಿನ ಪ್ರಕರಣ ನಡೆಯಿತು. ಹಿಂದಿನ ದಿನದ ಕೋಳಿಸಾರು ಮಿಕ್ಕಿತ್ತೆಂದು ನನ್ನ ಹೆಂಡತಿ ನಾಲ್ಕು ಕಡುಬನ್ನು ಅದರಲ್ಲಿ ಅದ್ದಿ ಪುಟ್ಟಿಯ ಡಬ್ಬಿಗೆ ಹಾಕಿದ್ದಳು. ಮಧ್ಯಾಹ್ನವೇ ಮೆಸೇಜು ಬಂತು: ಪೋಷಕರು ದಯವಿಟ್ಟು ಸ್ಮೆಲ್ ಬರುವ ಫುಡ್ ಕಳಿಸಬಾರದು, ಬೇರೆ ಮಕ್ಕಳಿಗೆ ಡಿಸ್ಟರ್ಬ್ ಆಗುತ್ತದೆ. ಕೆಳಗೆ ಹದಿನೆಂಟು ಹೆಬ್ಬೆರಳು. ಮೆಸೇಜು ಹಾಕಿದ ತಾಯಿಯದು ದೇವರಮನೆ ಕಡೆ ಹೋಗುವ ರಸ್ತೆಯಲ್ಲಿ ಒಂದು ಹೋಂಸ್ಟೇ ಇದೆ. ಶನಿವಾರ, ಭಾನುವಾರ ಬೆಂಗಳೂರಿನವರು ಅಲ್ಲಿ ಬಂದು ತಲೆಗಿಷ್ಟೆಂದು ತೆತ್ತು ತಿನ್ನುವುದು ಅದೇ ಕಡುಬು, ಅದೇ ಕೋಳಿಸಾರು. ಅಲ್ಲಿ ಅದರ ವಾಸನೆಗೆ ‘ಅಥೆಂಟಿಕ್’ ಎಂದು ಹೆಸರು. ಪುಟ್ಟಿಗೆ ಇದರ ತಲೆಬುಡ ತಿಳಿಯಲಿಲ್ಲ. ‘ಅರ್ನವ್ ಎರಡು ಕಡುಬು ತಿಂದ, ನಂಗೆ ಪಾಸ್ತಾ ಕೊಟ್ಟ’ ಎಂದಳು. ಅವಳ ಅಸಮಾಧಾನ ಇರುವುದು ಬೇರೆ ಕಡೆ. ಸರ್ಕಾರಿ ಶಾಲೆಯ ಮಕ್ಕಳಿಗೆ 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಎಂದು ನಮ್ಮ ತೋಟದ ಲೈನಿನ ಹುಡುಗ ಹೇಳಿಬಿಟ್ಟಿದ್ದಾನೆ. ‘ನನ್ನೂ ಅಲ್ಲಿಗೇ ಹಾಕಿ’ ಎಂದು ಅವಳು ಹಟ ಹಿಡಿದಾಗ ಸೊಸೆ ಬಾಗಿಲು ಹಾಕಿಕೊಂಡು ಬಂದು, ಮೆತ್ತಗೆ ಗದರಿದಳು.

ಆ ಹುಡುಗನ ಅಪ್ಪ ಅಮ್ಮ ಅಸ್ಸಾಮಿನವರು. ನಮ್ಮ ತೋಟಗಳ ಕೆಲಸ ಈಗ ಬಹುಪಾಲು ನಡೆಯುವುದು ಅಲ್ಲಿಂದ ಬಂದವರ ಕೈಯಲ್ಲಿ. ಅವರ ಮಕ್ಕಳಿಲ್ಲದಿದ್ದರೆ ಈ ಸೀಮೆಯ ಎಷ್ಟೋ ಸರ್ಕಾರಿ ಶಾಲೆಗಳಿಗೆ ಹಾಜರಿ ಕರೆಯುವ ಕೆಲಸವೇ ಇರುತ್ತಿರಲಿಲ್ಲ. ಕನ್ನಡ ಮಾಧ್ಯಮ ಕಡ್ಡಾಯವೋ ಅಲ್ಲವೋ ಎಂದು ಸರ್ಕಾರವೂ ಖಾಸಗಿ ಶಾಲೆಯವರೂ ಇಪ್ಪತ್ತು ವರ್ಷ ಕೋರ್ಟಿನಲ್ಲಿ ಗುದ್ದಾಡಿ, 2014ರಲ್ಲಿ ಸುಪ್ರೀಂ ಕೋರ್ಟು ಅಲ್ಲವೆಂದಿತು. ಇತ್ತ ಬ್ರಹ್ಮಪುತ್ರದ ದಂಡೆಯಿಂದ ಬಂದವರ ಮಗ ಹೇಮಾವತಿಯ ದಂಡೆಯಲ್ಲಿ ಕೂತು ಕಾಗುಣಿತ ಬರೆಯತೊಡಗಿದ. ಒಂದು ಬೆಳಿಗ್ಗೆ ಕಣದಲ್ಲಿ ಕೂತಿದ್ದೆ, ಕನ್ನಡಕ ಮನೆಯಲ್ಲಿತ್ತು. ಪೇಪರು ಪುಟ್ಟಿಯ ಕೈಗೆ ಕೊಟ್ಟೆ. ಅವಳು ‘ಅಜ್ಜ, ಕನ್ನಡ ನೆಕ್ಸ್ಟ್ ಇಯರ್’ ಎಂದಳು. ಹುಡುಗ ಪೇಪರು ಇಸಿದುಕೊಂಡು, ಬೆರಳಿಟ್ಟು ಗಟ್ಟಿಯಾಗಿ ಓದಿದ: ‘ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೊಬಸ್ಟಾ ಪಾರ್ಚ್‌ಮೆಂಟ್...’ ಒಂದೊಂದರ ಮುಂದಿನ ಅಂಕಿಯನ್ನೂ ತಪ್ಪದೆ ಹೇಳಿದ. ಭೇಷ್ ಎಂದು ಬೆನ್ನು ತಟ್ಟಿದೆ. ಮಾರನೆಯ ದಿನ ಅವರಪ್ಪ ಬಂದು ತಲೆ ಕೆರೆಯುತ್ತ ನಿಂತ: ‘ಸಾರ್, ರೇಟು ಜಾಸ್ತಿ ಆಗಿದೆ ಅಂತೆ. ಕೂಲಿ?’ ಸರ್ಕಾರಿ ಶಾಲೆಯ ಗುಣಮಟ್ಟ ಕುಸಿದಿದೆ ಎನ್ನುವವರು ನಮ್ಮ ತೋಟಕ್ಕೆ ಬಂದು ನೋಡಬಹುದು.

ಹೋದ ಶನಿವಾರ ಪೇರೆಂಟ್ಸ್ ಮೀಟಿಂಗು. ಮಗನಿಗೆ ಔಷಧಿ ಹೊಡೆಸುವ ಕೆಲಸವಿತ್ತು, ಹೊರಡಬೇಕಾದವನು ನಾನು.

‘ಪಿಕಪ್ಪಲ್ಲಿ ಬೇಡ ಮಾವ’ ಅಂದಳು ಸೊಸೆ, ‘ನಿನ್ನೆ ತಾನೇ ಕುರಿಗೊಬ್ಬರ ತಂದಿದ್ದು.’

‘ಬಸ್ಸಿಗೆ ಹೋಗ್ತೀನಿ.’

‘ಬಸ್ಸಾ!’

ಪಕ್ಕದ ತೋಟದ ಗೌಡರ ಮೊಮ್ಮಗನೂ ಅದೇ ಶಾಲೆ. ಈ ವರ್ಷದ ರೇಟು ನಂಬಿ ಬಿಳಿ ಕಾರು ತಂದಿದ್ದಾರೆ, ಕಂತು ಇನ್ನೂ ಬಹಳ ಇದೆ. ಫೋನು ಮಾಡಿದರೆ, ‘ಅದಕ್ಕೇನು ಮಾರಾಯ್ರೆ, ನಂದು ಹತ್ತು ಗಂಟೆಗೆ, ನಿಮ್ಮದು ಹನ್ನೆರಡಕ್ಕೆ. ನಾನು ಬಂದ ಮೇಲೆ ತಗೊಂಡ್ಹೋಗಿ. ಡೀಸೆಲ್ ಮಾತ್ರ ನೋಡ್ಕೊಳ್ಳಿ’ ಎಂದರು. ಹೀಗೆ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿ, ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಾಜು ಏರಿಸಿ, ಶಾಲೆಯ ಗೇಟಿಗೆ ಹೋದೆ. ವಾಚ್‌ಮನ್ ರಿಜಿಸ್ಟರಿನಲ್ಲಿ ಗಾಡಿ ನಂಬರ್ ಬರೆಯಲು ಬಗ್ಗಿದವನು ಪೆನ್ನು ನಿಲ್ಲಿಸಿ, ಹಿಂದಿನ ಹಾಳೆ ತಿರುವಿ ನೋಡಿದ.

‘ಈ ಗಾಡಿ ಬೆಳಿಗ್ಗೇನೇ ಬಂದು ಹೋಗಿದೆಯಲ್ಲ ಸಾರ್?’

ಸೊಸೆ ಮೊಬೈಲಿನಲ್ಲಿ ಮುಖ ಹುದುಗಿಸಿದಳು. ನಾನು ಕೆಮ್ಮಿದೆ.

‘ಇರ್ಲಿ ಬಿಡಿ, ಬರ್ಕೊಳ್ತೀನಿ’ ಅಂದ ವಾಚ್‌ಮನ್, ಗೇಟು ತೆಗೆಯುತ್ತ. ‘ಎರಡೆರಡು ಸಲ ಬಂದಿದ್ರಲ್ಲಿ ಇವತ್ತು ನಿಮ್ಮದು ಮೂರನೇದು.’