ಜ್ವಾಕಿ ಕಾಕಾ

ಗಂಗಾವತಿಯಿಂದ ಬೆಟ್ಟ ನೋಡಲು ಹೊರಡುವ ಯಾವ ಕ್ರೂಸರ್‌ನಲ್ಲೂ ಮುಂದಿನ ಸೀಟಿಗೆ ಜಗಳ ಆಗುವುದಿಲ್ಲ. ಅದು ಜ್ವಾಕಿ ಕಾಕಾನದು. ಮನೆತನಕ್ಕೊಬ್ಬ ಇದ್ದೇ ಇರುತ್ತಾನೆ. ನೆಲ್ಲಿನ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆದು ಕಣ್ಣು ಮಂಜಾದವನು, ಇಲ್ಲವೇ ರೈಸ್ ಮಿಲ್ಲಿನಲ್ಲಿ ಹಮಾಲರ ಹಾಜರಿ ಹಿಡಿದವನು. ಹೆಗಲ ಮೇಲೆ ಟವೆಲ್, ಕಿಸೆಯಲ್ಲಿ ಸುಣ್ಣದ ಡಬ್ಬಿ. ಹುಡುಗ ಮೆಟ್ಟಿಲಿಳಿದರೆ "ಜ್ವಾಕಿಲೇ", ಸೊಸೆ ಚಹಾ ಸೋಸಿದರೆ "ಜ್ವಾಕಿವಾ ತಂಗಿ", ನಾಯಿ ರಸ್ತೆ ದಾಟಿದರೂ "ಜ್ವಾಕಿ". ಸ್ವಂತ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿರುತ್ತದೆ.

ದಸರಾ ರಜೆಗೆ ಮುಳ್ಳಯ್ಯನಗಿರಿ ಎಂದು ಮಕ್ಕಳು ಹಟ ಹಿಡಿದ ದಿನದಿಂದಲೇ ಕಾಕಾನ ಮೊಬೈಲಿನಲ್ಲಿ ಬರೀ ಅಪಘಾತ. ಗುಡ್ಡ ಕುಸಿತ, ಕಂದಕ, ಆನೆ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿಯೇ ಬರುತ್ತದೆ. ಕೇದಾರನಾಥದ ವಿಡಿಯೊ ನೋಡಿದ ಮೇಲಂತೂ ಉಸಿರಿನದೇ ಚಿಂತೆ. ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ, ನಿಜ. ಆದರೆ ಅದರ ಎತ್ತರ 1,930 ಮೀಟರ್, ಕೇದಾರನಾಥದ್ದು 3,583. ಗಾಳಿ ತೆಳುವಾಗಿ ತಲೆನೋವು, ವಾಕರಿಕೆ ಶುರುವಾಗುವುದು ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ. ಬಿ.ಎಸ್ಸಿ. ಓದುವ ಅಣ್ಣನ ಮಗ ಇದನ್ನೆಲ್ಲ ಬಿಡಿಸಿ ಹೇಳಿದರೆ ಕಾಕಾ ಪೂರ್ತಿ ಕೇಳಿಸಿಕೊಳ್ಳುತ್ತಾನೆ.

"ಅಂದ್ರ ಎರಡು ಸಾವಿರಕ್ಕ ಎಪ್ಪತ್ತ ಕಡಿಮಿ. ಎರಡು ಸಾವಿರ ಅಂದಮ್ಯಾಲೆ ಎರಡೂವರಿ ಎಷ್ಟು ದೂರ ಐತಿ? ದಲಾಲ್ಯಾಗ ನಾವು ಇಷ್ಟೆಲ್ಲಾ ಲೆಕ್ಕಕ್ಕ ಹಿಡ್ಯಂಗಿಲ್ಲ ತಮ್ಮಾ."

ಹೀಗೆಂದವನೇ ಕರ್ಪೂರ ತರಲು ಹೋಗುತ್ತಾನೆ. ಒಂದೊಂದು ಮಗುವಿನ ಕರವಸ್ತ್ರದ ತುದಿಗೂ ಒಂದೊಂದು ಬಿಲ್ಲೆ ಕಟ್ಟುತ್ತಾನೆ. ಗಾಡಿ ಬಿಡುವ ಹೊತ್ತಿಗೆ ಹಿಂದಿನ ಸೀಟುಗಳಿಂದ ಮಂಗಳಾರತಿಯ ವಾಸನೆ.

ಇನ್ನು ಆ ಚೀಲ. ಲಿಂಬಿಹಣ್ಣು, ಅಮೃತಾಂಜನ, ಎರಡು ಬ್ಯಾಟರಿ, ಮನೆಮಂದಿಗೆಲ್ಲ ಮಂಕಿ ಕ್ಯಾಪು, ಒಂದು ಮಾರುದ್ದದ ನೂಲಿನ ಹಗ್ಗ. ಹಗ್ಗ ಯಾತಕ್ಕೆಂದರೆ "ಇರ್ಲಿ" ಎಂಬುದೇ ಉತ್ತರ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬೇರೆ ಗಂಟಿನಲ್ಲಿ. ಮಲೆನಾಡಿನವರು ಊಟಕ್ಕೆ ಏನು ಹಾಕಿಯಾರೋ ಎಂಬ ಅನುಮಾನ ಆನೆಯ ಭಯಕ್ಕಿಂತ ದೊಡ್ಡದು.

ಹಾಗಂತ ಕಾಕಾ ಹೇಳುವುದೆಲ್ಲ ಹುಚ್ಚಲ್ಲ. ಜೋರು ಮಳೆಗಾಲದಲ್ಲಿ ಘಟ್ಟದ ಕಡೆ ಮುಖ ಹಾಕಲು ಬಿಡುವುದಿಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಕುಸಿದದ್ದು ಅವನ ನೆನಪಿನಲ್ಲಿದೆ. ಈ ಹಟಕ್ಕೆ ನಗುವವರು ನಗಲಿ, ನಾನಂತೂ ಕಾಕಾನ ಕಡೆ. ನೀರಿನ ವಿಷಯದಲ್ಲೂ ಅಷ್ಟೇ. ಬೆಂಗಳೂರಿನಿಂದ ಬಂದ ನೆಂಟರ ಹುಡುಗರು ಸಣಾಪುರದ ಬಂಡೆಯಿಂದ ಜಿಗಿಯುತ್ತೇವೆ ಎಂದರೆ ಚಪ್ಪಲಿ ಕೈಗೆ ತಗೊಳ್ಳುತ್ತಾನೆ. ತುಂಗಭದ್ರೆಯ ಒಡಲಲ್ಲಿ ಕಲ್ಲೆಲ್ಲಿ, ಸುಳಿಯೆಲ್ಲಿ ಎಂದು ದಂಡೆಯಲ್ಲಿ ನಿಂತವನಿಗೆ ಕಾಣುವುದಿಲ್ಲ. 2019ರ ಆಗಸ್ಟ್‌ನಲ್ಲಿ ಜಲಾಶಯದಿಂದ ನೀರು ಬಿಟ್ಟಾಗ ವಿರೂಪಾಪುರ ಗಡ್ಡಿಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಹಾಕಿಕೊಂಡು, ಕಡೆಗೆ ಹೆಲಿಕಾಪ್ಟರ್ ಬರಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ ಚೈನು ತುಂಡಾಗಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತಲ್ಲ, ಅಂದಿನಿಂದ ಕಾಕಾ ಹರಿಗೋಲಿಗೆ ಕಾಲಿಡುವ ಮುನ್ನ ನಡೆಸುವವನನ್ನು ಕೇಳುವುದು ಒಂದೇ ಪ್ರಶ್ನೆ: "ಹತ್ತೊಂಬತ್ತು ಹೆಂಗೈತಪಾ?"

ಇಷ್ಟು ಜ್ವಾಕಿಯ ಮನುಷ್ಯ ಮಗ್ಗುಲಿನ ಅಂಜನಾದ್ರಿಗೆ ಹೊರಟರೆ ಬೇರೆಯೇ ಆಗಿಬಿಡುತ್ತಾನೆ. ಅದು ಅವನ ಲೆಕ್ಕದಲ್ಲಿ ಬೆಟ್ಟವೇ ಅಲ್ಲ, ಹನುಮಪ್ಪನ ಮನೆ. 575 ಮೆಟ್ಟಿಲು. ಏಪ್ರಿಲ್ ಬಿಸಿಲು, ಅದೂ ಹೋಳಿಗೆ ಊಟ ಮುಗಿಸಿ ನಡುಮಧ್ಯಾಹ್ನ, ಬರಿಗಾಲಲ್ಲಿ. ಕಲ್ಲು ಹಂಚಿನಂತೆ ಕಾದಿರುತ್ತದೆ. ನೀರಿನ ಬಾಟಲಿ ಕೆಳಗೆ ಗಾಡಿಯಲ್ಲಿ, ದೊಡ್ಡವ್ವನ ಬಿ.ಪಿ. ಗುಳಿಗೆ ಮನೆಯಲ್ಲಿ. "ನಮ್ಮ ಗುಡ್ಡದಾಗ ಏನಕ್ಕೈತಿ?" ಎಂದು ಕಾಕಾ ಮುಂದೆ ಮುಂದೆ. ಮುನ್ನೂರನೆಯ ಮೆಟ್ಟಿಲಿನಲ್ಲಿ ಮಂಗ್ಯಾವೊಂದು ಚಿಗವ್ವನ ಕೈಚೀಲದ ಜಿಪ್ ಅನ್ನು ಎರಡು ಬೆರಳಲ್ಲಿ ಹಿಡಿದು ಸಾವಕಾಶ ಎಳೆಯುತ್ತದೆ. ಕಾಯಿ ಬಿಟ್ಟು ಬಾಳೆಹಣ್ಣು ಒಯ್ಯುತ್ತದೆ. ಚಿಗವ್ವ ಅರಚುತ್ತಾಳೆ. ಕಾಕಾ ಕೈ ಮುಗಿಯುತ್ತಾನೆ. ಮುಳ್ಳಯ್ಯನಗಿರಿಗೆ ಹೊತ್ತ ಸಾಮಾನಿನಲ್ಲಿ ಒಂದು ಬಾಟಲಿ ನೀರನ್ನು ಇಲ್ಲಿಗೆ ತಂದಿದ್ದರೆ ದೊಡ್ಡವ್ವ ಕಣ್ಣು ಕತ್ತಲಿಟ್ಟು ನೆರಳಲ್ಲಿ ಕೂರುತ್ತಿರಲಿಲ್ಲ.

ಮುಳ್ಳಯ್ಯನಗಿರಿಗೆ ರಾತ್ರಿಯೇ ಹೊರಡಬೇಕು, ಯಾಕೆಂದರೆ ಲಾಡ್ಜಿನ ಒಂದು ದಿನದ ಬಾಡಿಗೆ ಉಳಿಯುತ್ತದೆ. ಹನ್ನೆರಡು ಜನರ ಜಾಗದಲ್ಲಿ ಮಕ್ಕಳು ಮರಿ ಸೇರಿ ಹತ್ತೊಂಬತ್ತು ಜನ. ಸೀಟ್ ಬೆಲ್ಟು ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ಒಂದು ಬೆಲ್ಟಿಗೆ ರೊಟ್ಟಿಯ ಗಂಟು ಕಟ್ಟಿದೆ. ಸ್ಟೇರಿಂಗ್ ಹಿಡಿದವನು ಹಗಲೆಲ್ಲ ಮಿಲ್ಲಿಗೆ ನೆಲ್ಲು ಸಾಗಿಸಿ ದಣಿದವನು. "ನಮ್ಮ ಮನಿ ಹುಡುಗ" ಎಂಬುದೇ ಅವನ ಲೈಸೆನ್ಸು. ಅವನಿಗೆ ನಿದ್ದೆ ಬರದ ಹಾಗೆ ಮಾತಾಡಿಸುವ ಹೊಣೆ ಕಾಕಾನದು. ಹೊಸಪೇಟೆ ದಾಟುವವರೆಗೆ ಮಾತು ಸಾಗುತ್ತದೆ. ಚಿತ್ರದುರ್ಗದ ಹೊತ್ತಿಗೆ ಕಾಕಾನ ಗೊರಕೆಗೆ ಹುಡುಗನ ನಿದ್ದೆ ಹಾರಿಹೋಗಿರುತ್ತದೆ; ಒಂದು ರೀತಿಯಲ್ಲಿ ಹೊಣೆ ತೀರಿದಂತೆಯೇ.

ಮುಳ್ಳಯ್ಯನಗಿರಿಗೂ ಮೊದಲು ಕೆಮ್ಮಣ್ಣುಗುಂಡಿ. ಅಲ್ಲಿನ ಕಾಲುದಾರಿಯಲ್ಲಿ ಹುಲ್ಲು ಇನ್ನೂ ಹಸಿ. ಕಾಕಾನ ಕಣ್ಣು ಆನೆ, ಚಿರತೆಗಾಗಿ ಮರಗಳ ಮೇಲಿದ್ದಾಗ, ಧೋತರದೊಳಗೆ ಮೀನಖಂಡದ ಮೇಲೆ ಒಂದು ಜಿಗಣೆ ಕೂತು ಹೆಸರುಕಾಳಿನಷ್ಟಿದ್ದದ್ದು ಹುಣಸೆಬೀಜದಷ್ಟು ಆಗಿರುತ್ತದೆ. ಬಯಲುಸೀಮೆಯವನಿಗೆ ಅದು ಏನೆಂದೇ ತಿಳಿಯದು. ಕಿಸೆಯ ಸುಣ್ಣ ಹಚ್ಚಿದರೆ ಉದುರಿ ಬೀಳುತ್ತದೆ, ಆದರೆ ರಕ್ತ ನಿಲ್ಲುವುದಿಲ್ಲ. ಜಿಗಣೆಯ ಎಂಜಲಿಗೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಗುಣವಿದೆ. ಗಾಯ ತೊಳೆದು ಒತ್ತಿಹಿಡಿದರೆ ತುಸು ಹೊತ್ತಿಗೆ ನಿಲ್ಲುತ್ತದೆ, ನೋವೂ ಇರುವುದಿಲ್ಲ. ನೋವಿಲ್ಲವೆಂಬುದೇ ಕಾಕಾನಿಗೆ ಕೆಟ್ಟ ಲಕ್ಷಣವಾಗಿ ಕಾಣುತ್ತದೆ. ಅಲ್ಲೇ ಕೂತು ಹಿರಿಮಗನಿಗೆ ಫೋನ್ ಹಚ್ಚಿ, ಯಾರ‍್ಯಾರು ಎಷ್ಟೆಷ್ಟು ಕೊಡಬೇಕು ಎಂದು ಬಾಕಿಯ ಲೆಕ್ಕ ಒಪ್ಪಿಸತೊಡಗುತ್ತಾನೆ.

"ಜಿಗಣಿ ಕಡಿದ್ರ ಯಾರ್ ಸತ್ತಾರ‍್ರೀ, ಏಳ್ರಿ" ಎನ್ನುತ್ತಾಳೆ ಚಿಗವ್ವ.

ಮುಳ್ಳಯ್ಯನಗಿರಿಯ ತುದಿಯಲ್ಲಿ ಏನೂ ಆಗುವುದಿಲ್ಲ. ಮಂಜು ಕವಿದು ಏನೂ ಕಾಣುವುದೂ ಇಲ್ಲ. ಎಲ್ಲರೂ ಮಂಕಿ ಕ್ಯಾಪಿನಲ್ಲಿ ಫೋಟೊ ತೆಗೆಸಿಕೊಂಡು ಗದ್ದುಗೆಗೆ ನಮಸ್ಕಾರ ಹಾಕಿ ಇಳಿಯುತ್ತಾರೆ. ಇಳಿಜಾರು ಸಿಕ್ಕ ಕೂಡಲೇ ಕಾಕಾನೊಳಗಿನ ದಲಾಲಿ ಅಂಗಡಿ ಬಾಗಿಲು ತೆರೆಯುತ್ತದೆ.

"ನ್ಯೂಟ್ರಲ್ ಹಾಕಲೇ ತಮ್ಮಾ. ಗಾಡಿ ತಾನ ಇಳಿತೈತಿ, ಡೀಸೆಲ್ ಯಾಕ ಸುಡ್ತಿ?"

ಮನೆ ಹುಡುಗ ಹಾಕಿಯೇ ಬಿಡುತ್ತಾನೆ. ಗೇರಿನಲ್ಲಿದ್ದರೆ ಇಂಜಿನ್ನೇ ಗಾಡಿಯನ್ನು ಹಿಡಿದಿರುತ್ತದೆ. ನ್ಯೂಟ್ರಲ್ ಮಾಡಿದರೆ ಹತ್ತೊಂಬತ್ತು ಜನರ ಭಾರವೆಲ್ಲ ಬ್ರೇಕಿನ ಮೇಲೆ. ನಾಲ್ಕು ತಿರುವಿಗೆ ಬ್ರೇಕು ಕಾಯುತ್ತದೆ, ಕಾದ ಬ್ರೇಕು ಹಿಡಿಯುವುದಿಲ್ಲ. ಆನೆ, ಚಿರತೆ, ತೆಳುಗಾಳಿ ಎಲ್ಲಕ್ಕಿಂತ ದೊಡ್ಡ ಗಂಡಾಂತರ ಗೇರಿನ ಗುಬುಟಿಯಲ್ಲಿತ್ತು, ಅದೂ ಕಾಕಾನ ಅಪ್ಪಣೆಯಿಂದ. ಸುಟ್ಟ ವಾಸನೆ ಬಂದಾಗ ಕಾಕಾ ಹಿಂದೆ ತಿರುಗಿ, "ಯಾರಲೇ ಕರ್ಪೂರ ಹಚ್ಚಿದವರು?" ಎನ್ನುತ್ತಾನೆ.

ಎದುರಿಗೆ ಬಂದ ಜೀಪಿನವನು ಕೈ ಅಡ್ಡ ಹಾಕಿ ನಿಲ್ಲಿಸುತ್ತಾನೆ. ಚಕ್ರ ಮುಟ್ಟಿ ಕೈ ಹಿಂದಕ್ಕೆ ತಗೊಂಡು ಹೇಳುತ್ತಾನೆ: "ಯಾವ ಗೇರಲ್ಲಿ ಹತ್ತಿದ್ರೋ ಅದ್ರಲ್ಲೇ ಇಳೀರಿ ಮಾರಾಯ್ರೆ. ಈಗ ಅರ್ಧ ಗಂಟೆ ಇಲ್ಲೇ ಕೂತ್ಕೊಳ್ಳಿ." ಕಾಕಾ ಹಗ್ಗ ಬೇಕೇನೋ ಎಂದು ಚೀಲ ಬಿಚ್ಚಿ ನೋಡುತ್ತಾನೆ. ಬ್ರೇಕು ಆರುವವರೆಗೆ ಎಲ್ಲರೂ ಮೋರಿಯ ಮೇಲೆ ಕೂತು ರೊಟ್ಟಿ ತಿನ್ನುತ್ತಾರೆ, ಜೀಪಿನವನಿಗೂ ಎರಡು ಕೊಡುತ್ತಾರೆ.

ಊರಿಗೆ ಬಂದ ಮೇಲೆ ಜೀಪಿನವನ ಆ ಮಾತು ಕಾಕಾನದೇ ಆಗಿರುತ್ತದೆ. ಅಂಗಡಿಗೆ ಬಂದವರಿಗೆ, ಮದುವೆ ಪಂಕ್ತಿಯಲ್ಲಿ ಮಗ್ಗುಲು ಕೂತವರಿಗೆ, ಸೈಕಲ್ ಮೇಲೆ ಹೋಗುವ ಹುಡುಗರಿಗೆ ಕೂಡ: "ಏರಿದ ಗೇರಿನಾಗ ಇಳೀಬೇಕು." ಮೊನ್ನೆ ಊರೊಳಗಿನ ಜುಲೈನಗರಕ್ಕೆ ಆಟೋ ಹತ್ತಿ ಕೂತವನು ಶುರುವಿಗೇ "ಸೆಕೆಂಡ್ ಗೇರಿನಾಗ ನಡಿ" ಎಂದ.

"ಕಾಕಾ, ಇಲ್ಲಿ ಇಳಿಜಾರ ಎಲ್ಲೈತ್ರಿ?"

"ಇಲ್ಲಲೇ, ಗೊತ್ತೈತಿ. ಇರ್ಲಿ."