ನಮ್ಮಮ್ಮನ ಸುಗ್ರೀವಾಜ್ಞೆ

ರೊದ್ದಂನ ನಮ್ಮ ಮನೆಗೆ ರಾಷ್ಟ್ರಪತಿ ಅಂತ ಇದ್ದವರು ನಮ್ಮಪ್ಪ. ಹೊಲದ ಪಾಸ್‌ಪುಸ್ತಕ, ಬ್ಯಾಂಕಿನ ಖಾತೆ, ರೇಷನ್ ಕಾರ್ಡು, ಎಲ್ಲದರಲ್ಲೂ ಅವರದೇ ಹೆಸರು. ಆಳುತ್ತಿದ್ದವಳು ಮಾತ್ರ ಅಮ್ಮ. ಕಡ್ಲೆಕಾಯಿ ಯಾವಾಗ ಮಾರಬೇಕು, ಯಾವ ನೆಂಟರಿಗೆ ಕೋಳಿ ಕೊಯ್ಯಬೇಕು, ಯಾರನ್ನು ಬರೀ ಕಾಫಿ ಕೊಟ್ಟು ಸಾಗಹಾಕಬೇಕು ಎಲ್ಲವೂ ಅಡುಗೆಮನೆಯಲ್ಲಿ ತೀರ್ಮಾನವಾಗಿ, ಒಪ್ಪಿಗೆಗೆ ಅಂತ ಜಗಲಿಗೆ ಬರುತ್ತಿತ್ತು. ಅಪ್ಪ ಬೀಡಿ ಬದಿಗಿಟ್ಟು, “ಇನ್ನೊಂದ್ಸಲ ಯೋಚ್ನೆ ಮಾಡು” ಅನ್ನುತ್ತಿದ್ದರು. ಅಮ್ಮ ಒಳಗೆ ಹೋಗಿ, ಏನೂ ಯೋಚಿಸದೆ, ಅದನ್ನೇ ತಿರುಗಿ ತರುತ್ತಿದ್ದಳು. ಅಪ್ಪ “ಆಗ್ಲಿ” ಅನ್ನುತ್ತಿದ್ದರು.

ದಿಲ್ಲಿಯಲ್ಲೂ ನಡೆಯುವುದು ಇಷ್ಟೇ ಅಂತ ನನಗೆ ತಿಳಿಸಿಕೊಟ್ಟವರು ರಿಟೈರ್ಡ್ ಮೇಷ್ಟ್ರಾದ ನಮ್ಮ ಚಿಕ್ಕಪ್ಪ. ಮಂತ್ರಿಮಂಡಲ ಹೇಳಿದಂತೆ ರಾಷ್ಟ್ರಪತಿ ನಡೆಯಲೇಬೇಕು ಅಂತ 1976ರ 42ನೇ ತಿದ್ದುಪಡಿ ಕಟ್ಟಿಹಾಕಿತು. ಎಮರ್ಜೆನ್ಸಿ ಮುಗಿದ ಮೇಲೆ ಬಂದ 44ನೇ ತಿದ್ದುಪಡಿ ಹಗ್ಗವನ್ನು ಒಂದು ಗೇಣು ಸಡಿಲಿಸಿತು: ಒಂದು ಸಲ ವಾಪಸು ಕಳಿಸಬಹುದು, ಎರಡನೇ ಸಲ ಬಂದರೆ ಒಪ್ಪಲೇಬೇಕು. ಆ ಹೊತ್ತಿಗೆ ರಾಷ್ಟ್ರಪತಿ ಆಗಿದ್ದವರು ನಮ್ಮ ಅನಂತಪುರ ಜಿಲ್ಲೆಯ ಇಲ್ಲೂರಿನ ನೀಲಂ ಸಂಜೀವ ರೆಡ್ಡಿ. 1967ರಲ್ಲಿ ನಮ್ಮ ಹಿಂದೂಪುರದಿಂದಲೇ ಲೋಕಸಭೆಗೆ ಗೆದ್ದು ಸ್ಪೀಕರ್ ಆದವರು, 1969ರಲ್ಲಿ ರಾಷ್ಟ್ರಪತಿ ಚುನಾವಣೆಯಲ್ಲಿ ವಿ.ವಿ. ಗಿರಿಯವರ ಎದುರು ಸೋತವರು, 1977ರಲ್ಲಿ ಅವಿರೋಧವಾಗಿ ಅದೇ ಕುರ್ಚಿ ಏರಿದವರು. 1979ರ ಆಗಸ್ಟ್‌ನಲ್ಲಿ ಚರಣ್ ಸಿಂಗ್ ಸದನದ ಮುಖ ನೋಡದೆಯೇ ರಾಜೀನಾಮೆ ಕೊಟ್ಟಾಗ, ಜಗಜೀವನ್ ರಾಂ ಅವರನ್ನು ಕರೆಯದೆ ಲೋಕಸಭೆಯನ್ನೇ ವಿಸರ್ಜಿಸಿದರು. ರಾಷ್ಟ್ರಪತಿಗೆ ಇಷ್ಟೊಂದು ಅಧಿಕಾರ ಎಲ್ಲಿಂದ ಬಂತು ಅಂತ ದೇಶವೆಲ್ಲ ಕೂಗಾಡಿತು. ರೊದ್ದಂನಲ್ಲಿ ನಮ್ಮ ಚಿಕ್ಕಪ್ಪ ಇವತ್ತಿಗೂ ಕೂಗಾಡಿಲ್ಲ. “ನಮ್ಮೋರು ಮಾಡಿದ್ರಲ್ಲಪ್ಪ, ಸರಿಯಾಗೇ ಮಾಡಿರ್ತಾರೆ.”

ನಾವು ಊರು ಬಿಡುವ ಮೊದಲೇ ಹೊರನಾಡಿಗರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಜಗಳಕ್ಕೆ ಎರಡೂ. 2022ರ ಏಪ್ರಿಲ್‌ನಲ್ಲಿ ಅಮ್ಮ ಅನಂತಪುರ ಜಿಲ್ಲೆಯಲ್ಲಿ ಮಲಗಿ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿ ಎದ್ದಳು. ಮಗ್ಗುಲು ಕೂಡ ಬದಲಿಸಿರಲಿಲ್ಲ. ಹೀಗಾಗಿ ಒಂದು ಸಹಿಗೆ ಏನೇನು ಶಕ್ತಿ ಇದೆ ಅನ್ನುವುದು ನ್ಯೂಜೆರ್ಸಿಯಲ್ಲಿರುವ ನಮಗಿಂತ ಅವಳಿಗೇ ಚೆನ್ನಾಗಿ ಗೊತ್ತು.

2025ರ ಸೆಪ್ಟೆಂಬರಿನಲ್ಲಿ ಅಪ್ಪನಿಗೆ ಎಡೆ ಇಡಲು ಊರಿಗೆ ಬಂದಿದ್ದೆ. ಮಹಾಲಯ ಅಮಾವಾಸ್ಯೆ 21ನೇ ತಾರೀಕು ಭಾನುವಾರ. ಶನಿವಾರ ಬೆಳಗ್ಗೆ ಹಾಸಿಗೆಯಲ್ಲಿರುವಾಗಲೇ ಹೆಂಡತಿಯ ಫೋನು. ಅವಳು ಪಾವಗಡದವಳು, ಸುತ್ತಿ ಬಳಸಿ ಮಾತಾಡುವ ಅಭ್ಯಾಸವಿಲ್ಲ.

“ರೀ, ಎದ್ದೇಳ್ರಿ. ಇವತ್ತೇ ಹೊರಡ್ಬೇಕು.”

ಅಲ್ಲಿನ ಶುಕ್ರವಾರ ಅಮೆರಿಕದ ಅಧ್ಯಕ್ಷರು ಒಂದು ಘೋಷಣೆಗೆ ಸಹಿ ಹಾಕಿದ್ದರು. ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್. ಅಲ್ಲಿನ ಭಾನುವಾರ ಶುರುವಾಗಿ ಒಂದು ನಿಮಿಷಕ್ಕೆ ಜಾರಿ. ರೊದ್ದಂ ಲೆಕ್ಕದಲ್ಲಿ ಭಾನುವಾರ ಬೆಳಗ್ಗೆ 9 ಗಂಟೆ 31 ನಿಮಿಷ. ವರ್ಷವರ್ಷವೂ ಕಟ್ಟಬೇಕು ಅಂತ ಅವರ ವಾಣಿಜ್ಯ ಮಂತ್ರಿ ಸೇರಿಸಿದ್ದರು. ಹೊರಗಿರುವವರೆಲ್ಲ ಅಷ್ಟರೊಳಗೆ ಬಂದುಬಿಡಿ ಅಂತ ಕಂಪನಿ ವಕೀಲರ ಮೇಲ್. ಈ ವೀಸಾ ಹುಟ್ಟಿಸಿದ್ದು 1990ರಲ್ಲಿ ಅಲ್ಲಿನ ಸಂಸತ್ತು. ಅದಕ್ಕೆ ಬೀಗ ಹಾಕಲು ಅಧ್ಯಕ್ಷರು ಹುಡುಕಿ ತೆಗೆದದ್ದು 1952ರ ಕಾನೂನಿನ ಒಂದು ಕಲಮು.

“ಲಕ್ಷ ಡಾಲರ್ ಅಂದ್ರೆ ಎಷ್ಟಪ್ಪಾ?” ಅಂದಳು ಅಮ್ಮ.

“ಎಂಬತ್ತೆಂಟು ಲಕ್ಷ ರೂಪಾಯಿ.”

ಅಮ್ಮ ಮನಸ್ಸಿನಲ್ಲೇ ನಮ್ಮ ಹೊಲ ಮಾರಿ, ಸಾಲದೆ, ಪಕ್ಕದವರ ಹೊಲವನ್ನೂ ಮಾರಿದಳು. ಆಮೇಲೆ ಕೇಳಿದಳು: “ಬರ್ದುಕೊಟ್ಟೋರು ಯಾರು?”

“ಅವರೇ ಬರೆಸ್ತಾರೆ, ಅವರೇ ಸಹಿ ಹಾಕ್ತಾರೆ.”

“ಇನ್ನೊಂದ್ಸಲ ಯೋಚ್ನೆ ಮಾಡು ಅನ್ನೋರು?”

“ಕೋರ್ಟಿದೆ. ಆದ್ರೆ ತಡವಾಗುತ್ತೆ.”

“ಮನೇಲಿ ಹೆಂಡ್ತಿ ಇಲ್ವಾ?”

ವಿಷಯ ಮನೆಗೆಲ್ಲ ಹರಡಿ ಹಾಲ್ ತುಂಬಿತು. ಹೋಗಲಿ ಅನ್ನುವವರು ಒಂದು ಕಡೆ, ಎಡೆ ಇಟ್ಟೇ ಹೋಗಲಿ ಅನ್ನುವವರು ಇನ್ನೊಂದು ಕಡೆ. ಅಡುಗೆಮನೆಯಲ್ಲೇ ಲೆಕ್ಕ ಮುಗಿಸಲು ಅಮ್ಮ ಹೊರಟಾಗ ಚಿಕ್ಕಪ್ಪ ತಡೆದರು. 1989ರ ಏಪ್ರಿಲ್‌ನಲ್ಲಿ ಕರ್ನಾಟಕದ ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದ್ದೇ ಹೀಗೆ. ಬಹುಮತದ ಲೆಕ್ಕ ರಾಜಭವನದಲ್ಲೇ ನಡೆದುಹೋಯಿತು. ಅಂಥ ಲೆಕ್ಕ ಸದನದಲ್ಲಿ ಆಗಬೇಕು ಅಂತ 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಆದ್ದರಿಂದ ಎಲ್ಲರೂ ಇಲ್ಲೇ ಕೈ ಎತ್ತಬೇಕು.

ಯಾರೂ ಕೈ ಎತ್ತುವ ಮೊದಲು ಅಮ್ಮ ಸುಗ್ರೀವಾಜ್ಞೆ ಹೊರಡಿಸಿದಳು. “ಅಮಾವಾಸ್ಯೆ ಇವತ್ತೇ. ಎಡೆ ಇಡಾನ, ಆಮೇಲೆ ಹೋಗು.”

“ಅತ್ತಿಗೆ, ಸದನ ಸೇರಿರೋವಾಗ ಸುಗ್ರೀವಾಜ್ಞೆ ಹೊರಡಿಸೋ ಹಾಗಿಲ್ಲ” ಅಂದರು ಚಿಕ್ಕಪ್ಪ.

“ಹಂಗಾದ್ರೆ ಎಲ್ಲಾ ಎದ್ದು ಆಚೆ ನಡೀರಿ.”

ಚಂದ್ರನ ಅಭಿಪ್ರಾಯ ಯಾರೂ ಕೇಳಲಿಲ್ಲ. ಚತುರ್ದಶಿಯ ದಿನ ಮಧ್ಯಾಹ್ನದೊಳಗೆ ಅಮಾವಾಸ್ಯೆಯ ಅಡುಗೆಯಾಯಿತು: ಒಬ್ಬಟ್ಟು, ವಡೆ, ಮುದ್ದೆ, ಕಡ್ಲೆಬೀಜದ ಚಟ್ನಿ, ಎಲೆ ಪಕ್ಕದಲ್ಲಿ ಅಪ್ಪನ ಬ್ರ್ಯಾಂಡಿನ ಬೀಡಿ ಕಟ್ಟು. ಮಾಳಿಗೆಯ ಮೇಲಿಟ್ಟು ಕಾಗೆ ಕರೆದೆವು. ಕಾಗೆ ಬಂತು. ಎಲೆಯ ಸುತ್ತ ಒಂದು ಸುತ್ತು ಹಾಕಿ, ಬೀಡಿ ಕಟ್ಟನ್ನು ಓರೆಯಾಗಿ ನೋಡಿ, ಏನೂ ಮುಟ್ಟದೆ ಎದುರುಮನೆಯ ಡಿಶ್ ಮೇಲೆ ಹೋಗಿ ಕೂತಿತು.

“ತಡೆಯಾಜ್ಞೆ” ಅಂದರು ಚಿಕ್ಕಪ್ಪ, ಮೆಲ್ಲಗೆ.

ಅಮ್ಮ ಕಾಗೆಯನ್ನು ನೋಡಿದ ನೋಟವನ್ನು ಹಿಂದೆ ಅಪ್ಪನ ಮೇಲೆ ಹಾಯಿಸಿದ್ದನ್ನು ನಾನು ಕಂಡಿದ್ದೇನೆ.

ಪೆನುಕೊಂಡ ದಾಟಿ ಹೈವೇ ಹಿಡಿಯುವಷ್ಟರಲ್ಲೇ ಲೆಕ್ಕ ಸ್ಪಷ್ಟವಾಗಿತ್ತು. ದೇವನಹಳ್ಳಿಯಿಂದ ಯಾವ ವಿಮಾನ ಹತ್ತಿದರೂ ಆ ಒಂಬತ್ತೂವರೆಯೊಳಗೆ ನ್ಯೂಜೆರ್ಸಿ ಸಿಗುವುದಿಲ್ಲ. ಆದರೂ ಹೊರಟವನನ್ನು ವಾಪಸು ಕರೆಯುವ ಅಧಿಕಾರ ಯಾರದು ಅನ್ನುವುದು ತೀರ್ಮಾನವಾಗದ ಕಾರಣ ಹೋಗುತ್ತಲೇ ಇದ್ದೆವು. ಬಾಗೇಪಲ್ಲಿ ಕಳೆದು ನಂದಿ ಬೆಟ್ಟ ಕಂಡಾಗ ಜೊತೆಗೆ ಬಂದಿದ್ದ ಚಿಕ್ಕಪ್ಪ ಹುರುಪಾದರು. 1984ರ ಆಗಸ್ಟ್‌ನಲ್ಲಿ ರಾಜ್ಯಪಾಲ ರಾಮ್‌ಲಾಲ್ ಎನ್‌ಟಿಆರ್ ಅವರನ್ನು ಕಿತ್ತುಹಾಕಿದಾಗ, ಅವರ ಶಾಸಕರನ್ನು ಕರೆತಂದು ಇಟ್ಟದ್ದು ಇದೇ ಬೆಟ್ಟದ ಮೇಲೆ. ಆತಿಥ್ಯ ರಾಮಕೃಷ್ಣ ಹೆಗಡೆ ಸರ್ಕಾರದ್ದು. ಒಂದೇ ತಿಂಗಳಲ್ಲಿ ಎನ್‌ಟಿಆರ್ ಮತ್ತೆ ಮುಖ್ಯಮಂತ್ರಿ. ಮರುವರ್ಷದಿಂದ ಮೂರು ಸಲ ಗೆದ್ದದ್ದು ನಮ್ಮ ಹಿಂದೂಪುರದಲ್ಲಿ. “ನೀನೂ ಒಂದು ತಿಂಗಳು ಬೆಟ್ಟದ ಮೇಲಿದ್ದು ನೋಡು” ಅಂದರು.

ವಿಮಾನದ ಟಿಕೆಟ್ ದರ ಕೇಳಿದ ಮೇಲೆ ಬೆಟ್ಟವೇ ವಾಸಿ ಅನ್ನಿಸಿತು. ಸೀಟೂ ಇರಲಿಲ್ಲ. ರಾತ್ರಿ ರೊದ್ದಂಗೆ ವಾಪಸು ಬಂದು, ಹಿರಿಯರು ಬಿಟ್ಟಿದ್ದ ಒಬ್ಬಟ್ಟು ತಿಂದು ಮಲಗಿದೆ.

ಬೆಳಗಿನ ಜಾವ ಮತ್ತೆ ಫೋನು. ಶ್ವೇತಭವನ ಸ್ಪಷ್ಟೀಕರಣ ಕೊಟ್ಟಿದೆಯಂತೆ: ವರ್ಷವರ್ಷ ಅಲ್ಲ, ಒಂದೇ ಸಲ; ಈಗಾಗಲೇ ವೀಸಾ ಇರುವವರಿಗಲ್ಲ, ಹೊಸ ಅರ್ಜಿಗಳಿಗೆ ಮಾತ್ರ. ಹೆಂಡತಿ ಒಂದೇ ಉಸಿರಿನಲ್ಲಿ ಇದನ್ನೆಲ್ಲ ಹೇಳಿ, “ಅಷ್ಟು ಅರ್ಜೆಂಟಾಗಿ ಯಾಕ್ರಿ ಏರ್‌ಪೋರ್ಟಿಗೆ ಓಡಿದ್ರಿ?” ಅಂತ ಕೇಳಿ ಇಟ್ಟಳು.

ಅಮ್ಮನಿಗೆ ತಿಳಿಸಿದೆ. ಅವಳು ಆಗಲೇ ಮತ್ತೆ ಒಬ್ಬಟ್ಟಿಗೆ ಬೇಳೆ ಬೇಯಿಸುತ್ತಿದ್ದಳು.

ಮಧ್ಯಾಹ್ನ ಅದೇ ಮಾಳಿಗೆ, ಅದೇ ಥರದ ಎಲೆ, ಅದೇ ಬೀಡಿ ಕಟ್ಟು. ಕಾಗೆ ನೆಟ್ಟಗೆ ಬಂದು ವಡೆ ಕಚ್ಚಿಕೊಂಡು ಹೋಯಿತು. ಎರಡನೇ ಸಲ ಬಂದದ್ದನ್ನು ಒಪ್ಪಲೇಬೇಕಲ್ಲ ಅಂತ ಚಿಕ್ಕಪ್ಪ ತಲೆದೂಗಿದರು. ಆದರೆ ಮೇಷ್ಟ್ರ ಬುದ್ಧಿ, ಅಷ್ಟಕ್ಕೇ ಬಿಡಬೇಕಲ್ಲ.

“ಅತ್ತಿಗೆ, ಹಂಗಾದ್ರೆ ನಿನ್ನೆ ಇಟ್ಟ ಎಡೆ ಯಾರಿಗೆ?”

ಅಮ್ಮ ಎಲೆ ಎತ್ತುತ್ತಾ, ತಿರುಗಿ ಕೂಡ ನೋಡದೆ ಹೇಳಿದಳು: “ಅದು ಹೊಸದಾಗಿ ಸತ್ತೋರಿಗೆ ಮಾತ್ರ.”